ಷಿಕಾಗೋ ನಗರದ ಡೋಲಿನ ಬೀದಿಯಲ್ಲಿ

ಷಿಕಾಗೋ ಎಂದೊಡನೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಸ್ವಾಮಿ ವಿವೇಕಾನಂದರ ಹೆಸರು. 1893ರ ಸೆಪ್ಟೆಂಬರಿನಲ್ಲಿ ಸರ್ವಧರ್ಮ ಸಮ್ಮೇಳನ ನೆರೆದಿದ್ದ ಕಟ್ಟಡವನ್ನು ನೋಡದೆ ಆ ನಗರದಿಂದ ಹಿಂದಿರುಗುವ ಕನ್ನಡಿಗರು ವಿರಳ. ಕಲಾಶಾಲೆಯಾಗಿರುವ ಆ ಭವನದ ಮೆಟ್ಟಲುಗಳನ್ನು ನಾನೂ ಹತ್ತಿಳಿದೆನು. ಸಿಂಹಗಳೆರಡರ ನಡುವೆ ನಿಂತು ಚಿತ್ರ ತೆಗೆಸಿಕೊಂಡೆನು. ಆದರೆ ಈ ಲೇಖನ ಅದನ್ನು ಕುರಿತದ್ದಲ್ಲ. ಸ್ವಾಮೀಜಿ ಆ ನಗರಕ್ಕೆ ಬಂದಿಳಿದ ವರ್ಷ ಅಲ್ಲಿಯೇ ಬೆಳೆಯುತ್ತಿದ್ದ ಹದಿನಾಲ್ಕು ವರ್ಷದ ಜರ್ಮನ್ ಬಾಲಕನೊಬ್ಬನನ್ನು ಕುರಿತದ್ದು. ಅವನು ಮುಂದೆ ಕಟ್ಟಿದ ಡೋಲುಗಳನ್ನು ಕುರಿತದ್ದು. ಅವನು ಒಮ್ಮೆ ಮಾರಿ ಕಳೆದುಕೊಂಡು ಮತ್ತೆ ಬೆಲೆ ತೆತ್ತು ಬಿಡಿಸಿಕೊಂಡ ಒಂದು ವಸ್ತುವನ್ನು ಕುರಿತದ್ದು. ಆ ವಸ್ತು ಯಾವುದೆಂದರೆ, ಅವನ ಸ್ವಂತ ಹೆಸರು.

ನನಗೆ ತಾಳಜ್ಞಾನ ಅಷ್ಟಕ್ಕಷ್ಟೆ. ಕಚೇರಿಯಲ್ಲಿ ತನಿ ಆವರ್ತನ ಆರಂಭವಾದೊಡನೆ ಕಾಫಿಗೆಂದು ಎದ್ದು ಹೋಗುವ ಅರಸಿಕರ ಗುಂಪಿಗೆ ನಾನು ಸೇರಿದವನೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಹೀಗಿರುವ ನಾನು ಡೋಲಿನ ಬೆನ್ನು ಹತ್ತಿದ್ದು ನನ್ನ ಅಕ್ಕನ ಮಗನಿಂದಾಗಿ. ಅವನು ಅಲ್ಲಿಯ ಪ್ರೌಢಶಾಲೆಯ ವಾದ್ಯವೃಂದದಲ್ಲಿ ಡ್ರಮ್ ಬಾರಿಸುತ್ತಾನೆ. ಮನೆಯ ನೆಲಮಾಳಿಗೆಯಲ್ಲಿ ಅವನ ವಾದ್ಯಗಳು ಒಂದು ಸಣ್ಣ ಸೈನ್ಯದಂತೆ ನಿಂತಿದ್ದುವು. ಅವುಗಳ ಪೈಕಿ ದೊಡ್ಡದರ ಮುಖದ ಮೇಲೆ ಓರೆಯಾದ ಅಕ್ಷರಗಳಲ್ಲಿ ‘ಲುಡ್ವಿಗ್’ ಎಂದು ಬರೆದಿದ್ದಿತು.

“ಇದು ಯಾರ ಹೆಸರು?” ಎಂದು ಕೇಳಿದೆನು.

“ಯಾರದೂ ಅಲ್ಲ ಮಾವ, ಕಂಪೆನಿಯದು” ಎಂದನು ಹುಡುಗ.

ಶಬ್ದಗಳನ್ನು ಕೆದಕಿ ಹೊಟ್ಟೆ ಹೊರೆಯುವ ಮೇಷ್ಟರಿಗೆ ಈ ಉತ್ತರ ಸಾಕೆನಿಸುವುದುಂಟೆ? ಯಾರದೂ ಅಲ್ಲದ ಹೆಸರು ಎಲ್ಲಿಯಾದರೂ ಉಂಟೆ? ಆ ರಾತ್ರಿಯೇ ಇಬ್ಬರೂ ಕುಳಿತು ಹುಡುಕಿದೆವು. ಆ ಹೆಸರಿನ ಮನುಷ್ಯ ಇದ್ದುದು ನಿಜ. ಅವನ ಕಾರ್ಖಾನೆ ಇದೇ ಊರಿನಲ್ಲಿದ್ದುದೂ ನಿಜ. ಅದರ ಕಟ್ಟಡ ಇನ್ನೂ ನಿಂತಿರುವುದೂ ನಿಜವೆಂದು ತಿಳಿಯಿತು. ಮರುದಿನ ಶನಿವಾರ. ಮಾವನೂ ಅಳಿಯನೂ ಹೊರಟೆವು.

ಡೇಮನ್ ಬೀದಿ

ಷಿಕಾಗೋದ ನಗರ ರೈಲಿನಲ್ಲಿ ‘ನೀಲಿ ಮಾರ್ಗ’ ಎಂಬುದೊಂದುಂಟು. ಪೇಟೆಯ ನಡುವಿನಲ್ಲಿ ಅದು ಸುರಂಗವಾಸಿ. ವಾಯವ್ಯಕ್ಕೆ ತಿರುಗಿ ಸ್ವಲ್ಪ ದೂರ ಹೋದೊಡನೆ ಬಿಲದಿಂದ ಹೊರಟ ಹಾವಿನಂತೆ ಮೇಲೇರಿ, ಮನೆಗಳ ಎರಡನೆಯ ಅಂತಸ್ತಿನ ಕಿಟಕಿಗಳ ಸಮಕ್ಕೆ ಓಡತೊಡಗುತ್ತದೆ. ಹಾಗೆ ಮೇಲೇರಿದ ಮೇಲೆ ಬರುವ ಮೊದಲ ನಿಲ್ದಾಣವೇ ಡೇಮನ್. ಕೆಳಗಿಳಿದರೆ ಮೂರು ಬೀದಿಗಳು ಒಂದನ್ನೊಂದು ಕತ್ತರಿಸಿ ಆರು ಮೂಲೆಗಳಾದ ವಿಶಾಲವಾದ ಕೂಡುರಸ್ತೆ. ಒಂದು ಕಾಲಕ್ಕೆ ಜರ್ಮನರೂ ಪೋಲೆಂಡಿನವರೂ ವಾಸವಾಗಿದ್ದ, ಕೈಕಸುಬಿನವರ ಕೇರಿ ಇದು. ಈಗ ಕಾಫಿ ಅಂಗಡಿಗಳೂ ಬಟ್ಟೆಯ ಅಂಗಡಿಗಳೂ ತುಂಬಿ, ಸಿರಿವಂತ ತರುಣರ ಬಡಾವಣೆಯಾಗಿದೆ.

ಡೇಮನ್ ಬೀದಿಯಲ್ಲಿ ಉತ್ತರಕ್ಕೆ ಕೆಲವೇ ನಿಮಿಷಗಳ ನಡಿಗೆ. 1728ನೆಯ ಸಂಖ್ಯೆಯ ಎದುರಿಗೆ ನಿಂತೆವು. ಇಟ್ಟಿಗೆಯ ಹಳೆಯ ಕಟ್ಟಡ. ಬೆಳಕು ಬೇಕಾದ ಕೆಲಸಗಾರರಿಗಾಗಿ ಇಟ್ಟಂತಹ ದೊಡ್ಡ ದೊಡ್ಡ ಕಿಟಕಿಗಳು. ಈಗ ಅದರೊಳಗೆ ಸಂಸಾರಗಳು ವಾಸವಾಗಿವೆ. ಮರವನ್ನು ಬಾಗಿಸುತ್ತಿದ್ದ, ಲೋಹಕ್ಕೆ ಮೆರುಗು ಕೊಡುತ್ತಿದ್ದ ಕಾರ್ಖಾನೆಯ ಕಿಟಕಿಗಳಲ್ಲಿ ಈಗ ಹೂವಿನ ಕುಂಡಗಳು. ಒಂದು ಕಿಟಕಿಯಲ್ಲಿ ಬೆಕ್ಕೊಂದು ಕುಳಿತು ನಮ್ಮನ್ನು ಸಂಶಯದಿಂದ ನೋಡುತ್ತಿದ್ದಿತು. ಒಂದು ಕಾಲಕ್ಕೆ ಹಗಲಿರುಳೂ ಸದ್ದು ನಿಲ್ಲದಿದ್ದ ಆ ಗೋಡೆಗಳೊಳಗೆ ಈಗ ನಿಶ್ಶಬ್ದ. ಅಳಿಯನಿಗೆ ಸ್ವಲ್ಪ ನಿರಾಶೆಯಾಯಿತೆಂದು ತೋರುತ್ತದೆ. “ಒಳಗೆ ಏನೂ ಇಲ್ಲವಲ್ಲ ಮಾವ” ಎಂದನು. ಇದ್ದುದನ್ನು ಹೇಳುವುದು ಮೇಷ್ಟರ ಕೆಲಸ. ಹಿಂದಿನ ರಾತ್ರಿ ಓದಿ ಇಟ್ಟುಕೊಂಡಿದ್ದ ಕಥೆಯನ್ನು ಆ ಬೀದಿಯ ಬದಿಯಲ್ಲಿಯೇ ಅವನಿಗೆ ಹೇಳಿದೆನು. ವಾಚಕರೂ ಕೇಳಬಹುದು.

ಒಂದು ಕಾಲುಮಣೆಯಿಂದ

ವಿಲಿಯಂ ಲುಡ್ವಿಗ್ ಹುಟ್ಟಿದ್ದು 1879ರಲ್ಲಿ, ಜರ್ಮನಿಯ ನೆಂಡೆರೋಟ್ ಎಂಬ ಹಳ್ಳಿಯಲ್ಲಿ. 1887ರಲ್ಲಿ ಕುಟುಂಬ ಷಿಕಾಗೋಕ್ಕೆ ವಲಸೆ ಬಂದಿತು. ವಿಲಿಯಂ ಮತ್ತು ಅವನ ತಮ್ಮ ಥಿಯೊಬಾಲ್ಡ್ ಇಬ್ಬರೂ ಡೋಲು ಬಾರಿಸುವುದನ್ನು ಕಲಿತು ಅದರಿಂದಲೇ ಜೀವಿಸತೊಡಗಿದರು. ಇವರು ಮೊದಲು ವಾದ್ಯಗಾರರು, ಆಮೇಲೆ ವಾದ್ಯ ಮಾಡಿದವರು ಎಂಬುದನ್ನು ನೆನಪಿನಲ್ಲಿಡುವುದು ಅವಶ್ಯಕ. ಅವರ ಕಾರ್ಖಾನೆಯ ಮೊದಲ ವಸ್ತು ಹುಟ್ಟಿದ್ದು ಲಾಭದ ಲೆಕ್ಕದಿಂದಲ್ಲ, ಕೈ ಸೋತದ್ದರಿಂದ.

ಅಂದಿನ ನಾಟಕಶಾಲೆಗಳಲ್ಲಿ ರಂಗದ ಕೆಳಗೆ ಕುಳಿತ ಡೋಲಿನವನ ಪಾಡು ಹೇಳತೀರದು. ಒಂದೆಡೆ ದೊಡ್ಡ ಬೇಸ್ ಡ್ರಮ್, ಇನ್ನೊಂದೆಡೆ ಸ್ನೇರ್ ಡ್ರಮ್. ಸ್ನೇರ್ ಎಂದರೆ ಕೆಳಮೈಯ ಚರ್ಮಕ್ಕೆ ತಗುಲಿದ ತಂತಿಗಳು ಝರ್‌ರೆಂದು ನುಡಿಯುವ ಸಣ್ಣ ಡೋಲು. ಒಬ್ಬನೇ ಮನುಷ್ಯ ಒಂದೇ ಕೋಲಿನಿಂದ ದೊಡ್ಡದಕ್ಕೆ ಒಂದು ಪೆಟ್ಟು ಕೊಟ್ಟು, ಅದರ ದನಿ ಅಡಗುವುದರೊಳಗೆ ಸಣ್ಣದಕ್ಕೆ ಧಾವಿಸಬೇಕು. ಕಾಲಿನಿಂದ ಬಡಿಯುವ ಉಪಕರಣಗಳು ಆಗಲೇ ಇದ್ದುವು. ಆದರೆ ಅವು ಮೇಲಿನಿಂದ ಇಳಿಬಿದ್ದ ಭಾರವಾದ ತೂಗುಗೋಲುಗಳು. ಅಷ್ಟರಲ್ಲಿ ‘ರ‍್ಯಾಗ್‌ಟೈಮ್’ ಎಂಬ ಕುಣಿತದ ಸಂಗೀತ ಬಂದಿತು. ಅದರ ನಡೆ ತೀವ್ರ. ತೂಗುಗೋಲು ಹೋಗಿ ಬರುವುದರೊಳಗೆ ತಾಳ ಮುಂದಕ್ಕೆ ಓಡಿರುತ್ತಿತ್ತು.

ವಿಲಿಯಂ ಒಂದು ಉಪಾಯ ಹೂಡಿದನು. ಬಡಿಯುವ ಗುಂಡನ್ನು ಚರ್ಮದ ಸಮೀಪಕ್ಕೆ ತಂದು, ಮಣೆಯನ್ನು ನೆಲದ ಮೇಲೆಯೇ ಇಟ್ಟು, ಹಿಮ್ಮಡಿ ಎತ್ತಿ ಇಳಿಸಿದಷ್ಟಕ್ಕೇ ಪೆಟ್ಟು ಬೀಳುವಂತೆ ಮರದಲ್ಲಿ ಒಂದು ಕಾಲುಮಣೆ ಮಾಡಿದನು. ಯಂತ್ರವಿದ್ಯೆ ಬಲ್ಲ ಅವನ ಭಾವ ರಾಬರ್ಟ್ ಡ್ಯಾನ್ಲಿ ಅದನ್ನು ಲೋಹದಲ್ಲಿ ಮಾಡಿಕೊಟ್ಟನು. ನೋಡಿದ ಡೋಲಿನವರೆಲ್ಲ ತಮಗೂ ಬೇಕೆಂದರು. 1909ರಲ್ಲಿ ಅಣ್ಣತಮ್ಮಂದಿರು ‘ಲುಡ್ವಿಗ್ ಅಂಡ್ ಲುಡ್ವಿಗ್’ ಎಂಬ ಹೆಸರಿನಿಂದ ವ್ಯಾಪಾರ ತೆರೆದರು. ಇಂದು ಜಗತ್ತಿನಲ್ಲಿ ಎಲ್ಲಿಯೇ ಆಗಲಿ, ಒಬ್ಬನೇ ವಾದ್ಯಗಾರ ಎರಡು ಕೈ ಎರಡು ಕಾಲುಗಳಿಂದ ನಾಲ್ಕಾರು ಡೋಲುಗಳನ್ನು ಆಳುವುದು ಸಾಧ್ಯವಾಗಿದ್ದರೆ, ಅದರಲ್ಲಿ ಈ ಕಾಲುಮಣೆಯ ಪಾಲು ದೊಡ್ಡದು.

1918ರ ಮಹಾ ಇನ್‌ಫ್ಲುಯೆಂಜಾದಲ್ಲಿ ಥಿಯೊಬಾಲ್ಡ್ ತೀರಿಕೊಂಡನು. ನಮ್ಮ ಊರೂರುಗಳಲ್ಲಿ ಮನೆಗೊಂದು ಹೆಣವನ್ನು ಉರುಳಿಸಿದ ಅದೇ ರೋಗ. ಹಲಗೆಯ ಮೇಲೆ ಎರಡು ಲುಡ್ವಿಗರ ಹೆಸರು ಉಳಿಯಿತು. ಒಳಗೆ ಒಬ್ಬನೇ ಉಳಿದನು. ಅವನೂ ಡ್ಯಾನ್ಲಿಯೂ ಸೇರಿ ವ್ಯಾಪಾರವನ್ನು ಬೆಳೆಸಿದರು.

ಕಪ್ಪು ಸುಂದರಿ

ನಮ್ಮ ಮೃದಂಗ ಹಲಸಿನ ಮರದ ಒಂದೇ ತುಂಡನ್ನು ಕೊರೆದು ಮಾಡಿದ್ದು. ಅಲ್ಲಿಯ ಡೋಲಿನ ಮೈ ಹಾಗಲ್ಲ. ತೆಳುವಾದ ಮರದ ಹಾಳೆಗಳನ್ನು ಬಾಗಿಸಿ, ಒಂದರ ಮೇಲೊಂದು ಅಂಟಿಸಿ ಬಳೆಯಂತೆ ಮಾಡುತ್ತಾರೆ. ಬಾಯಿಗಳು ಸೊಟ್ಟಗಾಗದಂತೆ ಒಳಗಡೆ ಮತ್ತೊಂದು ಬಳೆಯನ್ನು ಕೂಡಿಸುತ್ತಾರೆ. ಲುಡ್ವಿಗರು 1910ರ ದಶಕದಲ್ಲಿಯೇ ಮರವನ್ನು ಬಿಟ್ಟು ಹಿತ್ತಾಳೆಯ ಮೈಯನ್ನೂ ಮಾಡತೊಡಗಿದರು. ಅದರ ಪರಿಪೂರ್ಣ ರೂಪವೆಂದು ಹೇಳತಕ್ಕದ್ದು 1920ರ ದಶಕದ ಒಂದು ಸ್ನೇರ್ ಡ್ರಮ್. ಹಿತ್ತಾಳೆಯ ಮೇಲೆ ಕಪ್ಪು ನಿಕ್ಕಲ್ಲಿನ ಲೇಪ. ಆ ಕಪ್ಪನ್ನು ಕೆತ್ತನೆಯವನು ಕೈಯಿಂದ ಕೊರೆಯುತ್ತ ಹೋದಂತೆ ಕೆಳಗಿನ ಹಿತ್ತಾಳೆ ಹೊಳೆದು ಹೂಬಳ್ಳಿಗಳಾಗುತ್ತಿತ್ತು. ಅಂದಿನ ಬೆಲೆಪಟ್ಟಿಯಲ್ಲಿ ಅದರ ಹೆಸರು ‘ಡಿ ಲಕ್ಸ್’. ಇಂದಿನ ಸಂಗ್ರಾಹಕರ ಬಾಯಲ್ಲಿ ‘ಬ್ಲ್ಯಾಕ್ ಬ್ಯೂಟಿ’, ಕಪ್ಪು ಸುಂದರಿ. ಬಿದರಿಯ ಹೂಜಿಯನ್ನು ನೋಡಿದ ಕನ್ನಡಿಗರಿಗೆ ಅದರ ಸೊಬಗನ್ನು ಬಣ್ಣಿಸಬೇಕಾದ ಅಗತ್ಯವಿಲ್ಲ. ಬಿದರಿಯಲ್ಲಿ ಕಪ್ಪಿನೊಳಗೆ ಬೆಳ್ಳಿಯನ್ನು ಕೂಡಿಸುತ್ತಾರೆ. ಇಲ್ಲಿ ಕಪ್ಪನ್ನು ಕಳೆದು ಒಳಗಿನ ಚೆಲುವನ್ನು ಹೊರಗೆಡಹುತ್ತಾರೆ. ಕೆತ್ತಿದವರ ಹೆಸರು ಆ ಡೋಲುಗಳ ಮೇಲಿಲ್ಲ. ಇರುವುದು ಲುಡ್ವಿಗ್ ಎಂಬುದೊಂದೇ.

ಮಾರಿಹೋದ ಹೆಸರು

1927ರಲ್ಲಿ ಚಲಚ್ಚಿತ್ರಕ್ಕೆ ಮಾತು ಬಂದಿತು. ಮೂಕಚಿತ್ರಗಳ ಕಾಲದಲ್ಲಿ ಪ್ರತಿಯೊಂದು ಚಿತ್ರಮಂದಿರದಲ್ಲಿಯೂ ವಾದ್ಯಗಾರರಿದ್ದರು. ಕುದುರೆಯ ಖುರಪುಟ, ಗುಡುಗು, ಗುಂಡಿನ ಸದ್ದು, ಹಕ್ಕಿಯ ದನಿ, ಇವೆಲ್ಲವನ್ನೂ ಡೋಲಿನವನೇ ಹೊರಡಿಸಬೇಕಾಗಿತ್ತು. ಅದಕ್ಕೆ ಬೇಕಾದ ಸಣ್ಣಪುಟ್ಟ ಸಾಮಾನುಗಳಿಂದಲೇ ಕಾರ್ಖಾನೆಗಳು ಬಾಳುತ್ತಿದ್ದುವು. ತೆರೆಯೇ ಮಾತನಾಡತೊಡಗಿದ ಮೇಲೆ ಅವನಿಗೆ ಕೆಲಸವೆಲ್ಲಿ? ಸಾವಿರಾರು ಮಂದಿ ಕೋಲು ಕೆಳಗಿಟ್ಟರು. ಅದರ ಮೇಲೆ, ಲುಡ್ವಿಗರು ಬಂಡವಾಳ ಹೂಡಿದ್ದ ಬ್ಯಾಂಜೋ ವಾದ್ಯದ ವ್ಯಾಪಾರವೂ ಕೈಹಿಡಿಯಲಿಲ್ಲ. 1929ರಲ್ಲಿ ಇಂಡಿಯಾನಾ ಪ್ರಾಂತ್ಯದ ಎಲ್ಕ್‌ಹಾರ್ಟ್ ಊರಿನ ಕಾನ್ ಎಂಬ ದೊಡ್ಡ ವಾದ್ಯಸಂಸ್ಥೆಗೆ ಕಂಪೆನಿ ಮಾರಾಟವಾಯಿತು. ಕಾನ್ ಸಂಸ್ಥೆ ಅದೇ ವರ್ಷ ಲೀಡಿ ಎಂಬ ಪ್ರತಿಸ್ಪರ್ಧಿ ಡೋಲಿನ ಕಂಪೆನಿಯನ್ನೂ ಕೊಂಡಿತು; ಎರಡನ್ನೂ ಎಲ್ಕ್‌ಹಾರ್ಟಿಗೆ ಸಾಗಿಸಿತು. ವಿಲಿಯಂ ಕೂಡ ಅಲ್ಲಿ ಉದ್ಯೋಗಿಯಾಗಿ ಹೋದನು. ತನ್ನದೇ ಹೆಸರಿನ ಡೋಲುಗಳಿಗೆ ಸಂಬಳದ ಮೇಲ್ವಿಚಾರಕ!

ಕೆಲವು ವರ್ಷಗಳ ಮೇಲೆ ಆ ಕೆಲಸ ಬಿಟ್ಟು ಷಿಕಾಗೋಕ್ಕೆ ಹಿಂದಿರುಗಿ, 1937ರಲ್ಲಿ ಹೊಸ ಕಾರ್ಖಾನೆ ತೆರೆದನು. ಆಗ ಅವನ ವಯಸ್ಸು ಐವತ್ತೆಂಟು. ನಮ್ಮಲ್ಲಾದರೆ ನಿವೃತ್ತಿವೇತನದ ಕಾಗದಪತ್ರ ಸಿದ್ಧಪಡಿಸುವ ಕಾಲ. ನಾವು ನಿಂತಿದ್ದ ಡೇಮನ್ ಬೀದಿಯ ಕಟ್ಟಡ ಅದೇ. ಆದರೆ ಡೋಲಿನ ಮೇಲೆ ಏನೆಂದು ಬರೆಯುವುದು? ‘ಲುಡ್ವಿಗ್’ ಎಂಬ ಹೆಸರು ಕಾನ್ ಸಂಸ್ಥೆಯ ಆಸ್ತಿ. ತಂದೆ ಇಟ್ಟ ಹೆಸರನ್ನು ಮಗ ತನ್ನ ಕೈಯ ಕೆಲಸದ ಮೇಲೆ ಒತ್ತುವಂತಿಲ್ಲ. ಕೊನೆಗೆ ಹೆಸರಿನ ಮೊದಲಕ್ಷರಗಳನ್ನು ಮಾತ್ರ ಆಯ್ದು ‘ಡಬ್ಲ್ಯು.ಎಫ್.ಎಲ್.’ ಎಂದು ಬರೆದುಕೊಂಡನು. ಹಳೆಯ ಲುಡ್ವಿಗ್ ಕಾರ್ಖಾನೆ ಇದ್ದುದು ಈಗ ವಾಲ್ಕಾಟ್ ಎನಿಸಿಕೊಂಡಿರುವ ಪಕ್ಕದ ಬೀದಿಯಲ್ಲಿ. ಐದು ನಿಮಿಷಗಳ ನಡಿಗೆ. ಕಾಲುಗಳು ಹಳೆಯ ಕೇರಿಗೆ ಹಿಂದಿರುಗಿದುವು. ಹೆಸರು ಮಾತ್ರ ಹಿಂದಿರುಗಲಿಲ್ಲ.

ಎರಡನೆಯ ಮಹಾಯುದ್ಧ ಬಂದಿತು. ಲೋಹವೆಲ್ಲ ಯುದ್ಧಕ್ಕೆ ಮೀಸಲು. ಚರ್ಮವನ್ನು ಬಿಗಿಯುವ ಮೊಳೆಗಳ ಹಿಡಿಕೆಗಳನ್ನು ಕೂಡ ಮರದಲ್ಲಿ ಕಡೆದು ಡೋಲು ಮಾಡಬೇಕಾಯಿತು. ಅಂತಹ ಯುದ್ಧಕಾಲದ ಡೋಲುಗಳನ್ನು ಅಂದು ಬಡತನದ ಗುರುತೆಂದು ಜನ ಮೂಲೆಗೆಸೆದರು. ಇಂದು ಸಂಗ್ರಾಹಕರು ಅವನ್ನು ಹುಡುಕಿಕೊಂಡು ಅಲೆಯುತ್ತಾರೆ.

1955ರಲ್ಲಿ ಕಾನ್ ಸಂಸ್ಥೆ ಡೋಲಿನ ವ್ಯಾಪಾರವನ್ನೇ ಕೈಬಿಟ್ಟಿತು. ಲೀಡಿ ಎಂಬ ಹೆಸರನ್ನು ಷಿಕಾಗೋದ ಸ್ಲಿಂಗರ್‌ಲ್ಯಾಂಡ್ ಕಂಪೆನಿ ಕೊಂಡಿತು. ಲುಡ್ವಿಗ್ ಎಂಬ ಹೆಸರನ್ನು ಲುಡ್ವಿಗನೇ ಕೊಂಡನು. ಮಾರಿದ ಇಪ್ಪತ್ತಾರು ವರ್ಷಗಳ ಮೇಲೆ, ಎಪ್ಪತ್ತಾರನೆಯ ವಯಸ್ಸಿನಲ್ಲಿ, ಆ ಮುದುಕ ತನ್ನ ಹೆಸರಿಗೆ ತಾನೇ ಬೆಲೆ ತೆತ್ತನು.

ಇಷ್ಟು ಹೇಳುವಷ್ಟರಲ್ಲಿ ಅಳಿಯ ಮೌನವಾಗಿದ್ದನು. “ಹಾಗಾದರೆ ಅದು ಕಂಪೆನಿಯ ಹೆಸರಲ್ಲ” ಎಂದು ಮೆಲ್ಲನೆ ಹೇಳಿದನು.

ಒಂದು ಭಾನುವಾರದ ಸಂಜೆ

ಹೆಸರು ಹಿಂದಿರುಗಿದ ಗಳಿಗೆ ಒಳ್ಳೆಯದಾಗಿತ್ತು. ಅಲ್ಲಿಯವರೆಗೆ ಡೋಲಿಗೆ ಕರುವಿನ ಚರ್ಮ ಹೊದಿಸುತ್ತಿದ್ದರು. ಮಳೆಗಾಲದಲ್ಲಿ ಮೃದಂಗದ ಶ್ರುತಿ ಇಳಿಯುವ ಸಂಕಟ ನಮಗೆ ಹೊಸದಲ್ಲ. ಅವರಿಗೂ ಅದೇ ಸಂಕಟ. 1920ರ ದಶಕದಲ್ಲಿ ಬೇಸ್ ಡ್ರಮ್ಮಿನ ಹೊಟ್ಟೆಯೊಳಗೆ ವಿದ್ಯುದ್ದೀಪ ಉರಿಸಿ ಚರ್ಮವನ್ನು ಬೆಚ್ಚಗಿಡುತ್ತಿದ್ದುದೂ ಉಂಟು. ಮುಂದಿನ ಚರ್ಮದ ಮೇಲೆ ಬರೆದ ಬೆಟ್ಟ, ಸರೋವರಗಳ ಚಿತ್ರ ಆ ಬೆಳಕಿನಲ್ಲಿ ಹೊಳೆಯುತ್ತಿತ್ತಂತೆ. 1957ರ ಸುಮಾರಿಗೆ ಪ್ಲ್ಯಾಸ್ಟಿಕ್ಕಿನ ಹೊದಿಕೆ ಬಂದು ಈ ತೊಂದರೆ ತಪ್ಪಿತು. ಮಳೆಯಾಗಲಿ ಬಿಸಿಲಾಗಲಿ, ಡೋಲು ಹೇಳಿದಂತೆ ಕೇಳತೊಡಗಿತು.

1963ರಲ್ಲಿ ಲಂಡನ್ನಿನ ಶಾಫ್ಟ್ಸ್‌ಬರಿ ಬೀದಿಯಲ್ಲಿದ್ದ ‘ಡ್ರಮ್ ಸಿಟಿ’ ಎಂಬ ಅಂಗಡಿಗೆ ರಿಂಗೊ ಸ್ಟಾರ್ ಎಂಬ ತರುಣ ಬಂದನು. ಬೀಟಲ್ಸ್ ವೃಂದದ ಡೋಲಿನವನು. ಕಪ್ಪುಮುತ್ತಿನಂತೆ ಅಲೆಯಲೆಯಾಗಿ ಹೊಳೆಯುವ ಲುಡ್ವಿಗ್ ಡೋಲುಗಳು ಅವನ ಮನಸ್ಸನ್ನು ಸೆಳೆದುವು. ಅಂಗಡಿಯ ಒಡೆಯ ಐವರ್ ಆರ್ಬಿಟರ್ ಬೇಸ್ ಡ್ರಮ್ಮಿನ ಮುಖಕ್ಕೆ ವೃಂದದ ಹೆಸರನ್ನು ಹೇಗೆ ಬರೆಯಬೇಕೆಂದು ಅಲ್ಲಿಯೇ ಗೀಚಿ ತೋರಿಸಿದನು. ಹಲಗೆ ಬರೆಯುವವನೊಬ್ಬ ಬರೆದುಕೊಟ್ಟನು. ಅದರ ಮೇಲ್ಭಾಗದಲ್ಲಿ ಲುಡ್ವಿಗ್ ಎಂಬ ಹೆಸರೂ ಉಳಿಯಿತು.

1964ರ ಫೆಬ್ರವರಿ 9, ಭಾನುವಾರ ಸಂಜೆ, ನ್ಯೂಯಾರ್ಕಿನ ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಬೀಟಲ್ಸ್ ಹಾಡಿದರು. ಟೆಲಿವಿಷನ್ನಿನಲ್ಲಿ ಅದನ್ನು ನೋಡಿದವರು ಸುಮಾರು 7 ಕೋಟಿ 30 ಲಕ್ಷ ಜನ. ಒಂದು ಕಾಸಿನ ಜಾಹೀರಾತಿಲ್ಲದೆ ಅಷ್ಟು ಜನರ ಕಣ್ಣೆದುರಿಗೆ ಆ ಹೆಸರು ನಿಂತಿತು. ಮರುದಿನದಿಂದ ಅಮೆರಿಕದ ಹುಡುಗರಿಗೆಲ್ಲ ಅದೇ ಡೋಲು ಬೇಕು. ಡೇಮನ್ ಬೀದಿಯ ಕಾರ್ಖಾನೆ ರಾತ್ರಿಪಾಳಿಗಳಲ್ಲಿಯೂ ದುಡಿಯಿತು. ಆ ಸೆಪ್ಟೆಂಬರಿನಲ್ಲಿ ಬೀಟಲ್ಸ್ ಷಿಕಾಗೋಕ್ಕೆ ಬಂದಾಗ ಕಂಪೆನಿಯವರು ರಿಂಗೊನಿಗೆ ಚಿನ್ನದ ಮುಲಾಮಿನ ಸ್ನೇರ್ ಡ್ರಮ್ ಒಂದನ್ನು ಕಾಣಿಕೆಯಿತ್ತರು. ಒಂದುವೇಳೆ ಇದೆಲ್ಲ ಹತ್ತು ವರ್ಷ ಮುಂಚೆ ನಡೆದಿದ್ದರೆ ಆ ಸಂಜೆಯ ಫಲವೆಲ್ಲ ಬೇರೆಯವರದಾಗುತ್ತಿತ್ತು!

ಮುದುಕ ಲುಡ್ವಿಗ್ 1973ರಲ್ಲಿ ತೀರಿಕೊಂಡನು. ಅದೇ ಹೆಸರಿನ ಮಗನು 1981ರಲ್ಲಿ ಕಂಪೆನಿಯನ್ನು ಸೆಲ್ಮರ್ ಸಂಸ್ಥೆಗೆ ಮಾರಿದನು. 1984ರಲ್ಲಿ ತಯಾರಿಕೆ ಉತ್ತರ ಕ್ಯಾರೊಲೈನಾದ ಮನ್‌ರೋ ಊರಿಗೆ ಹೋಯಿತು. 2003ರಲ್ಲಿ ಸೆಲ್ಮರ್ ಸಂಸ್ಥೆ ಇನ್ನೊಂದು ಹಳೆಯ ಸಂಸ್ಥೆಯೊಡನೆ ಕೂಡಿಕೊಂಡಿತು. ಯಾವುದು ಗೊತ್ತೆ? ಕಾನ್! ಒಂದು ಕಾಲಕ್ಕೆ ಲುಡ್ವಿಗನ ಹೆಸರನ್ನು ಕೊಂಡಿದ್ದ ಅದೇ ಕಾನ್. ಹೀಗೆ ಇಬ್ಬರ ಹೆಸರೂ ಮತ್ತೆ ಒಂದೇ ಸೂರಿನಡಿಗೆ ಬಂದುವು. ಇದನ್ನು ವಿಧಿವಿಲಾಸವೆನ್ನಬೇಕೋ ವ್ಯಾಪಾರಧರ್ಮವೆನ್ನಬೇಕೋ ವಾಚಕರೇ ನಿರ್ಣಯಿಸಲಿ.

ಡೋಲಿನ ಹೊಟ್ಟೆಯೊಳಗೆ

ಮಧ್ಯಾಹ್ನ ಅಳಿಯ ನನ್ನನ್ನು ನಗರದ ಇನ್ನೊಂದು ಕಡೆಯಲ್ಲಿದ್ದ ಹಳೆಯ ವಾದ್ಯಗಳ ಅಂಗಡಿಗೆ ಕರೆದುಕೊಂಡು ಹೋದನು. ಅಂಗಡಿಯಾತ ಅರುವತ್ತು ದಾಟಿದ, ಮಿತಭಾಷಿಯಾದ ಮನುಷ್ಯ. ಕೊಳ್ಳುವವರಲ್ಲವೆಂದು ತಿಳಿದೂ ಬೇಸರಗೊಳ್ಳದೆ ಒಂದು ಡೋಲಿನ ಹೊದಿಕೆ ಬಿಚ್ಚಿ ತೋರಿಸಿದನು. ಶಾಸನ ಓದುವವನಿಗೆ ಕಲ್ಲು ಹೇಗೋ, ಸಂಗ್ರಾಹಕನಿಗೆ ಡೋಲಿನ ಒಳಮೈ ಹಾಗೆ. ಒಳಗಡೆ ಕೆಂಪು ಶಾಯಿಯಲ್ಲಿ ತಿಂಗಳು, ದಿನ, ವರ್ಷಗಳ ಒಂದು ಮುದ್ರೆ, 1965ರದು. ಎಲ್ಲ ಡೋಲುಗಳಲ್ಲಿಯೂ ಇದು ಇರುವುದಿಲ್ಲವಂತೆ. ಇದ್ದರೆ ಅದೇ ಜಾತಕ. ಹೊರಗಡೆ ಕಮಾನಿನ ನಡುಗಲ್ಲಿನ ಆಕಾರದ ಲೋಹದ ಬಿಲ್ಲೆ. 1963ರ ಕೊನೆಯಿಂದೀಚೆಗೆ ಅದರ ಮೇಲೆ ಅನುಕ್ರಮದ ಸಂಖ್ಯೆ ಉಂಟು. ಆದರೆ ಸಂಖ್ಯೆಯನ್ನೇ ನಂಬಿ ವರ್ಷ ನಿರ್ಣಯಿಸುವಂತಿಲ್ಲ. ಕೆಲಸಗಾರರು ಡಬ್ಬಿಯೊಳಕ್ಕೆ ಕೈಯಿಟ್ಟು ಸಿಕ್ಕ ಬಿಲ್ಲೆಯನ್ನು ಬಡಿಯುತ್ತಿದ್ದರು. ಒಳಮೈಗೆ ಹಿಂದಿನವಕ್ಕೆ ಬಿಳಿಯ ಬಣ್ಣ, ಆಮೇಲಿನವಕ್ಕೆ ಚುಕ್ಕೆಚುಕ್ಕೆಯ ಬೂದುಬಣ್ಣ, 1960ರ ದಶಕದ ಕೊನೆಯಿಂದ ಮರ ಕಾಣುವ ಮೆರುಗೆಣ್ಣೆ. ಹಳೆಯ ಡೋಲಿಗೆ ಹೊಸ ಬಿಲ್ಲೆ ಹೊಡೆದು ಮೋಸ ಮಾಡುವವರನ್ನು ಈ ಗುರುತುಗಳಿಂದ ಹಿಡಿಯುತ್ತಾರೆ.

ಗಾಜಿನ ಬೀರುವಿನಲ್ಲಿ ಒಂದು ಕಪ್ಪು ಸುಂದರಿ ಇದ್ದಳು. ನೂರು ವರ್ಷದ ಮುದುಕಿ, ಮೈಮೇಲೊಂದು ಗೀರಿಲ್ಲ. “ಇದು ಅಪರೂಪ. ಯಾರೂ ಹೆಚ್ಚು ಬಾರಿಸಿಲ್ಲ” ಎಂದನು ಅಂಗಡಿಯಾತ. ಬೆಲೆಯ ಮೊದಲ ನಿಯಮವೇ ಅದು. ಹೊರಮೈಯ ಹೊಳಪು ಮೂಲದ್ದಾಗಿರಬೇಕು, ಬಿಸಿಲಿಗೆ ಹಳದಿಯಾಗಿರಬಾರದು. ಬಾಯಂಚನ್ನು ಮತ್ತೆ ಕತ್ತರಿಸಿರಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಕಾರ್ಖಾನೆ ಕೊರೆದ ತೂತುಗಳಲ್ಲದೆ ಬೇರೊಂದು ತೂತೂ ಇರಬಾರದು. ಇದಕ್ಕೆ ವಿನಾಯಿತಿ ಒಂದೇ: ಬಾರಿಸಿದವನು ಲೋಕಪ್ರಸಿದ್ಧನಾಗಿದ್ದರೆ ಅವನ ಸವೆತವೂ ಚಿನ್ನ. 2015ರಲ್ಲಿ ರಿಂಗೊನ ಮೊದಲ ಲುಡ್ವಿಗ್ ಡೋಲುಗಳು ಹರಾಜಿನಲ್ಲಿ 20 ಲಕ್ಷ ಡಾಲರುಗಳನ್ನು ಮೀರಿ ಮಾರಿದುವು. ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಕಂಡಿದ್ದ ಆ ಮುಖದ ಹೊದಿಕೆಯೊಂದೇ ಅದೇ ವರ್ಷ ಮತ್ತೆ 20 ಲಕ್ಷವನ್ನು ಮೀರಿತು. ಎರಡನ್ನೂ ಕೊಂಡವನು ಒಬ್ಬನೇ, ಜಿಮ್ ಅರ್ಸೆ ಎಂಬ ಧನಿಕ.

ನನಗೆ ಇದೊಂದು ವಿಚಿತ್ರವಾದ ನ್ಯಾಯವೆನಿಸಿತು. ಬಡಿಯುವುದಕ್ಕೆಂದೇ ಹುಟ್ಟಿದ ವಸ್ತು; ಬಡಿಸಿಕೊಳ್ಳದೆ ಉಳಿದುದಕ್ಕೆ ಮರ್ಯಾದೆ. ಹಾಗೆಂದು ಸಂಗ್ರಾಹಕರನ್ನು ಹಳಿಯಲೂ ಮನಸ್ಸು ಬಾರದು. ಅವರ ಹುಚ್ಚು ಇಲ್ಲದಿದ್ದರೆ ಯುದ್ಧಕಾಲದ ಮರದ ಹಿಡಿಕೆಗಳು ಒಲೆಗೆ ಹೋಗುತ್ತಿದ್ದುವು. ಹೆಸರಿಲ್ಲದ ಆ ಕೆತ್ತನೆಗಾರರ ಹೂಬಳ್ಳಿಗಳು ಹಿತ್ತಾಳೆಯ ಬೆಲೆಗೆ ಕರಗಿಹೋಗುತ್ತಿದ್ದುವು.

ನಾವು ಹೀಗೆ ನೋಡುತ್ತಿದ್ದಾಗ ಮುದುಕರೊಬ್ಬರು ಬಾಗಿಲು ತಳ್ಳಿಕೊಂಡು ಬಂದರು. ತೋಳಿನಲ್ಲಿ ಒಂದು ಡೋಲು; ಬೆನ್ನಹಿಂದೆ ಮಗಳು ಇನ್ನೆರಡನ್ನು ಹೊತ್ತು ತಂದಳು. ಸಣ್ಣ ಮನೆಗೆ ಹೋಗುತ್ತಿದ್ದಾರೆ, ಸ್ಥಳವಿಲ್ಲ, ಮಾರಬೇಕು. ಅದೂ 1965ರದೇ. ಹೈಸ್ಕೂಲಿನಲ್ಲಿದ್ದಾಗ ಬೇಸಗೆಯ ರಜೆಯಲ್ಲೆಲ್ಲ ದುಡಿದು ಕೊಂಡದ್ದಂತೆ. ಅಂಗಡಿಯಾತ ತಿರುಗಿಸಿ ತಿರುಗಿಸಿ ನೋಡಿದನು. ಬೇಸ್ ಡ್ರಮ್ಮಿನ ನೆತ್ತಿಯ ಮೇಲೆ ನಾಲ್ಕು ಹೆಚ್ಚಿನ ತೂತುಗಳಿದ್ದುವು. “ಇವನ್ನು ಯಾರು ಕೊರೆದರು?” ಎಂದನು.

“ನಾನೇ” ಎಂದರು ಮುದುಕರು. “ಹದಿನೇಳು ವರ್ಷ ನನಗೆ. ಅಪ್ಪನ ಬೈರಿಗೆ ತೆಗೆದುಕೊಂಡು. ಇನ್ನೊಂದು ಡೋಲನ್ನು ಮೇಲೆ ನಿಲ್ಲಿಸಬೇಕಾಗಿತ್ತು. ಶನಿವಾರ ಮದುವೆಯೊಂದಕ್ಕೆ ಬಾರಿಸಲು ಒಪ್ಪಿಕೊಂಡಿದ್ದೆವು.”

ಅಂಗಡಿಯಾತ ಕೆಟ್ಟ ಸುದ್ದಿ ಹೇಳುವ ವೈದ್ಯನಂತೆ ದನಿ ತಗ್ಗಿಸಿ, ತೂತುಗಳಿಂದಾಗಿ ಬೆಲೆ ಬಹಳ ಇಳಿಯುವುದೆಂದು ತಿಳಿಸಿದನು. ಸಂಗ್ರಾಹಕರು ಮುಟ್ಟುವುದಿಲ್ಲ. ಅಂತಹ ಡೋಲುಗಳಿಗೆ ಬೇರೆ ಸಾಲೊಂದುಂಟು. ವ್ಯಾಪಾರದ ಭಾಷೆಯಲ್ಲಿ ಅವಕ್ಕೆ ‘ಬಾರಿಸುವವರ ಡೋಲು’ ಎಂದು ಹೆಸರು. ಮುದುಕರು ಬೆರಳಿನ ತುದಿಯಿಂದ ಆ ತೂತುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಮಗಳು, ಬೇಕಾದರೆ ಹಿಂದಕ್ಕೆ ಒಯ್ಯೋಣವೆಂದಳು.

“ಇದನ್ನು ಕೊಳ್ಳುವವರು ಯಾರು?” ಎಂದು ಕೇಳಿದರು ಮುದುಕರು.

“ಹೆಚ್ಚಾಗಿ ಹುಡುಗರು. ಒಳ್ಳೆಯ ಡೋಲು ಬೇಕು, ಹಣವಿಲ್ಲ ಎನ್ನುವವರು.”

“ಅವರು ಬಾರಿಸುತ್ತಾರೆಯೆ?”

“ಅದಕ್ಕೇ ಕೊಳ್ಳುತ್ತಾರೆ.”

ಮುದುಕರು ಅಂಗಡಿಯ ಸುತ್ತ ಒಮ್ಮೆ ನೋಡಿದರು. ಗಾಜಿನ ಬೀರುವನ್ನೂ ನೋಡಿದರು. ಆಮೇಲೆ ನನ್ನ ಅಳಿಯನ ಕಡೆಗೆ ತಿರುಗಿ, ಬರುತ್ತದೆಯೇ ಎಂದು ಕಣ್ಣಿನಿಂದಲೇ ಕೇಳಿದರು. ಅವನು ನಾಚಿದನು. ಅಂಗಡಿಯಾತ ಡೋಲುಗಳನ್ನು ನಿಲ್ಲಿಸಿ, ಗೋಡೆಯಿಂದ ಎರಡು ಕೋಲುಗಳನ್ನೂ ಒಂದು ಕಾಲುಮಣೆಯನ್ನೂ ತೆಗೆದುಕೊಟ್ಟನು. ಹುಡುಗ ಕುಳಿತು ಬಾರಿಸಿದನು. ಎರಡು ಮೂರು ನಿಮಿಷಗಳಿರಬಹುದು. ನನ್ನಂತಹ ತಾಳಗೇಡಿಗೂ ಎದೆಯಲ್ಲಿ ಏನೋ ಮಿಡಿಯಿತು. ಮುದುಕರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಬಲಗಾಲಿನ ಹಿಮ್ಮಡಿ ಮಾತ್ರ ಎದ್ದು ಎದ್ದು ಬೀಳುತ್ತಿತ್ತು.

ವ್ಯಾಪಾರ ಕುದುರಿತು. ಕಾಗದಕ್ಕೆ ರುಜು ಹಾಕಿ, ಚೌಕಾಸಿ ಮಾಡದೆ ಹೊರಟುಹೋದರು. ಅಂಗಡಿಯಾತ ಡೋಲುಗಳನ್ನು ಒರೆಸಿ ಗಾಜಿನ ಬೀರುವಿನ ಕಡೆಗಲ್ಲ, ಬಾಗಿಲಿನ ಬಳಿ, ಬೀದಿಯಲ್ಲಿ ಹೋಗುವ ಹುಡುಗರ ಕಣ್ಣಿಗೆ ಬೀಳುವಂತೆ ಇಟ್ಟನು.

ಹಿಂದಿರುಗುವಾಗ ಕತ್ತಲೆಯಾಗಿತ್ತು. ರೈಲು ಮತ್ತೆ ಡೇಮನ್ ನಿಲ್ದಾಣವನ್ನು ದಾಟಿತು. ಮನೆಗಳ ಕಿಟಕಿಗಳಲ್ಲಿ ದೀಪಗಳು ಹೊತ್ತಿದ್ದುವು. ಎದುರಿಗೆ ಕುಳಿತ ಅಳಿಯ ಮೊಣಕಾಲಿನ ಮೇಲೆ ಬೆರಳುಗಳಿಂದ ತಾಳ ಹಾಕುತ್ತಿದ್ದನು. “ಮಾವ, ಆ ತೂತುಗಳನ್ನು ಮುಚ್ಚದೆ ಹಾಗೆಯೇ ಬಿಡಬೇಕು” ಎಂದನು ಇದ್ದಕ್ಕಿದ್ದಂತೆ. ಏಕೆಂದು ನಾನು ಕೇಳಲಿಲ್ಲ. ಲುಡ್ವಿಗನು ಅಷ್ಟು ಬೆಲೆ ತೆತ್ತು ಬಿಡಿಸಿಕೊಂಡ ಹೆಸರು ಆ ಡೋಲಿನ ಬಿಲ್ಲೆಯ ಮೇಲೆ ಇದ್ದಿತು. ಅದರ ನೆತ್ತಿಯ ಮೇಲಿನ ನಾಲ್ಕು ತೂತುಗಳೂ ಇನ್ನೊಬ್ಬನ ರುಜುವೇ ಎಂದು ನನಗೂ ತೋರಿದ್ದಿತು.